ಪ್ಲಗ್ಗಿನ ಶಿವಗಂಗಾ

ಜಹೀರಾಬಾದಿನ ಹಳೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಬಂಡೆಪ್ಪನ ಬೈಕ್ ರಿಪೇರಿ ಶೆಡ್ಡಿದೆ. ಶೆಡ್ಡಿನ ಮುಂದೆ ಹತ್ತಡಿ ಅಗಲದ ಬಿಡಿಭಾಗಗಳ ಅಂಗಡಿ. ಬೋರ್ಡಿನ ಮೇಲೆ ಇರುವುದು ಬಂಡೆಪ್ಪನ ಹೆಸರು. ಆದರೆ ಮನೂರಿನಿಂದ ತಾಂಡೂರಿನವರೆಗೆ ಯಾರನ್ನು ಕೇಳಿದರೂ ಅದು ಅವನ ಹೆಂಡತಿ ಶಿವಗಂಗಾಳ ಅಂಗಡಿ. ಬಂಡೆಪ್ಪನಿಗೆ ಇದರ ಬಗ್ಗೆ ಬೇಸರವಿಲ್ಲ. ಅವನು ಮಾತು ಕಡಿಮೆ, ಸ್ಪ್ಯಾನರು ಹೆಚ್ಚು ಹಿಡಿಯುವ ಮನುಷ್ಯ.

ನನ್ನ ಸ್ಕೂಟರು ಇಪ್ಪತ್ತೆರಡು ವರ್ಷ ಅದೇ ಶೆಡ್ಡಿನಲ್ಲಿ ರಿಪೇರಿಯಾಗಿದೆ. ಇಲ್ಲಿ ಬರೆದಿರುವುದರಲ್ಲಿ ಅರ್ಧ ನಾನು ಕಂಡದ್ದು, ಉಳಿದರ್ಧ ಶಿವಗಂಗಾ ತಾನಾಗಿ ಹೇಳಿದ್ದು. ಹೇಳುವಾಗ ಆಕೆ ತನ್ನ ತಪ್ಪನ್ನು ಸಣ್ಣದು ಮಾಡಲಿಲ್ಲ. ಆದ್ದರಿಂದ ನಾನೂ ಮಾಡುವುದಿಲ್ಲ.

ಆಕೆ ಕೊಹೀರಿನ ಹುಡುಗಿ. ಹತ್ತನೆಯ ತರಗತಿ ಮುಗಿಸಿ, ಹತ್ತೊಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದಳು. ಬಂದ ಮೂರನೆಯ ವರ್ಷ ನಗರದಿಂದ ಬಂದ ಒಬ್ಬ ಏಜೆಂಟನ ಬಳಿ ಬಂಡೆಪ್ಪ ಸ್ಪಾರ್ಕ್ ಪ್ಲಗ್ಗುಗಳ ಒಂದು ಪೂರ್ತಿ ಪೆಟ್ಟಿಗೆ ಅಗ್ಗಕ್ಕೆ ಕೊಂಡ. ಹೆಸರಾಂತ ಕಂಪನಿಯ ಡಬ್ಬಿ, ಒಳಗಿನದು ಡೂಪ್ಲಿಕೇಟ್. ತಿಂಗಳೊಳಗೆ ಹದಿನೈದು ಗಾಡಿಗಳು ದಾರಿಯಲ್ಲಿ ನಿಂತವು, ಹದಿನೈದು ಜನ ಅಂಗಡಿಯ ಮುಂದೆ ಬಂದು ಬೈದರು. ಬಂಡೆಪ್ಪ ತಲೆ ತಗ್ಗಿಸಿ ಕೂತ. ಶಿವಗಂಗಾ ಮಾತ್ರ ಒಂದು ಅಸಲಿ ಪ್ಲಗ್ಗನ್ನೂ ಒಂದು ನಕಲಿಯನ್ನೂ ಶೆಡ್ಡಿನ ವೈಸಿನಲ್ಲಿ ಬಿಗಿದು, ಕಲ್ಲು ಕೊಯ್ಯುವ ಚಕ್ರದಿಂದ ಉದ್ದಕ್ಕೆ ಸೀಳಿದಳು. ಅಸಲಿಯ ನಡುವಿನ ಕಡ್ಡಿಯಲ್ಲಿ ತಾಮ್ರದ ತಿರುಳಿತ್ತು, ಪಿಂಗಾಣಿಯೊಳಗೆ ಕಪ್ಪು ಗಾಜಿನಂಥ ಸಣ್ಣ ತುಂಡಿತ್ತು. ನಕಲಿಯಲ್ಲಿ ಬರೀ ಕಬ್ಬಿಣದ ತಂತಿ. ಒಳಗೆ ಹೀಗಿದ್ದರೆ ಹೊರಗೆ ಅದು ಎಲ್ಲಿ ಕಾಣುತ್ತದೆ ಎಂದು ಹುಡುಕುವುದಕ್ಕೆ ಆಕೆಗೆ ಎರಡು ವರ್ಷ ಹಿಡಿಯಿತು. ಯಾರೂ ಕಲಿಸಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ನಲವತ್ತು ವರ್ಷ ಕಳೆದ ನಾನು ಹೇಳುತ್ತೇನೆ, ಅದು ವಿಜ್ಞಾನವೇ.

ಅಸಲಿಯ ವಾಶರು ಬೆರಳಿಗೆ ಕಳಚಿ ಬರುವುದಿಲ್ಲ. ಪಿಂಗಾಣಿಯ ಮೇಲಿನ ಅಕ್ಷರ ಪೆಟ್ರೋಲಿನ ಬಟ್ಟೆಗೆ ಅಳಿಸುವುದಿಲ್ಲ. ಇಂಜಿನ್ನಿಗೆ ಹಾಕುವಾಗ ಮೊದಲ ಸುತ್ತು ಬರಿಗೈಯಲ್ಲಿ ತಿರುಗಬೇಕು. ಮೀಟರ್ ಹಿಡಿದರೆ ಮುಳ್ಳು ನಡುವೆ ನಿಲ್ಲಬೇಕು. ಇವಿಷ್ಟು ಆಕೆ ಎಲ್ಲರಿಗೂ ಹೇಳುತ್ತಿದ್ದಳು. ಹೇಳಲಾಗದ್ದು ಇನ್ನೂ ಒಂದಿಷ್ಟು ಬೆರಳಿನಲ್ಲಿತ್ತು.

ಜನ ಬೇರೆ ಕಡೆ ಕೊಂಡ ಪ್ಲಗ್ಗುಗಳನ್ನೂ ಆಕೆಯ ಬಳಿ ತರತೊಡಗಿದರು. ಆಗ ಒಂದು ತೊಂದರೆಯಾಯಿತು. ಆಕೆ ಡೂಪ್ಲಿಕೇಟ್ ಎಂದ ಪ್ಲಗ್ಗೇ ತಿಂಗಳಾದ ಮೇಲೆ ಇನ್ನೊಬ್ಬನ ಕೈಯಲ್ಲಿ ಅಂಗಡಿಗೆ ಬಂತು. ಮೊದಲಿನವನು ಅದನ್ನು ಒಬ್ಬ ಬಡಪಾಯಿಗೆ ದಾಟಿಸಿದ್ದ. ಅಂದಿನಿಂದ ಶಿವಗಂಗಾ ಒಂದು ನಿಯಮ ಮಾಡಿದಳು. ಬಾಗಿಲ ಬಳಿ ರೈಲು ಕಂಬಿಯ ತುಂಡೊಂದನ್ನು ಹುಗಿಸಿ, ಪಕ್ಕದಲ್ಲಿ ಸುತ್ತಿಗೆ ಇಟ್ಟಳು. ಆಕೆ ಡೂಪ್ಲಿಕೇಟ್ ಎಂದರೆ ತಂದವನೇ ತನ್ನ ಕೈಯಿಂದ ಅದನ್ನು ಆ ಕಂಬಿಯ ಮೇಲಿಟ್ಟು ಒಡೆಯಬೇಕು. ಒಪ್ಪಿಗೆ ಇದ್ದರೆ ತೋರಿಸು, ಇಲ್ಲದಿದ್ದರೆ ಮನೆಗೆ ಹೋಗು. ಜನ ಗೊಣಗಿದರು, ಆದರೆ ಒಡೆದರು. ಅವಳ ಮಾತಿಗೆ ಅಷ್ಟು ತೂಕವಿತ್ತು. ಆ ತೂಕವೇ ಅವಳ ಆಸ್ತಿ.

ಆಕೆಯ ತಂಗಿ ರಜನಿ ಹನ್ನೊಂದು ವರ್ಷ ಚಿಕ್ಕವಳು. ಬೀದರಿನಲ್ಲಿ ಬಿ.ಕಾಂ. ಓದಿದವಳು. ಗಂಡ ಧನರಾಜ ನಾರಾಯಣಖೇಡದಲ್ಲಿ ಗ್ಯಾರೇಜು ಹಾಕಿದಾಗ, ಬಿಡಿಭಾಗ ನೋಡುವುದನ್ನು ಕಲಿಯಲು ಅಕ್ಕನ ಬಳಿ ಬಂದಳು. ಆರು ತಿಂಗಳು ಇರುವ ಯೋಚನೆ. ಮೂರು ವಾರದಲ್ಲಿ ಎಲ್ಲ ಕಲಿತಳು. ಶಿವಗಂಗಾ ಹತ್ತು ಪ್ಲಗ್ಗುಗಳನ್ನು ಕಲೆಸಿ ಮುಂದಿಟ್ಟರೆ ಹತ್ತನ್ನೂ ಸರಿಯಾಗಿ ಬೇರೆ ಮಾಡಿದಳು.

"ಇಷ್ಟು ಜಲ್ದಿ ಹ್ಯಾಂಗ ಬಂತು ನಿಂಗ?" ಎಂದು ಶಿವಗಂಗಾ ಕೇಳಿದಳು.

"ನೀ ಛಲೋ ಹೇಳಿಕೊಟ್ಟಿ, ಅದಕ್ಕ" ಎಂದಳು ರಜನಿ.

ಹೊಗಳಿಕೆಯೇ. ಆದರೆ ತನ್ನ ಎರಡು ವರ್ಷ ತಂಗಿಯ ಮೂರು ವಾರವಾದದ್ದು ಶಿವಗಂಗಾಳಿಗೆ ಅಂದೇ ಎದೆಯಲ್ಲಿ ಸಿಕ್ಕಿಕೊಂಡಿತು.

ಮುಂದಿನದು ಇನ್ನೂ ಕಷ್ಟವಾಯಿತು. ರಜನಿ ಆನ್‌ಲೈನಿನಲ್ಲಿ ಪ್ಲಗ್ ತರಿಸತೊಡಗಿದಳು. ಅದೂ ಎಚ್ಚರದಿಂದ. ಮೊದಲು ಕಂಪನಿಯ ಸ್ವಂತ ಜಾಲತಾಣದಲ್ಲಿ ಅಧಿಕೃತ ಮಾರಾಟಗಾರರ ಪಟ್ಟಿ ನೋಡುವುದು, ಆ ಹೆಸರಿನವನಿಂದ ಮಾತ್ರ ಕೊಳ್ಳುವುದು. ಅರ್ಧಕ್ಕಿಂತ ಕಡಿಮೆ ಬೆಲೆ ಹೇಳಿದವನನ್ನು ಬಿಡುವುದು. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ತೆಗೆಯುವುದು. ಡಬ್ಬಿಯ ಮೇಲಿನ ಚೀಟಿ ಕೆರೆದು, ಕೆಳಗಿನ ಕ್ಯೂಆರ್ ಚೌಕವನ್ನು ಫೋನಿಗೆ ತೋರಿಸುವುದು. ಅಸಲಿಯಾದರೆ ಫೋನೇ ಹೇಳುತ್ತದೆ. ರಿಯಾಯಿತಿ ದಿನಗಳನ್ನು ಕಾದು ತರಿಸುವುದರಿಂದ ಅವಳ ಬೆಲೆ ಅಕ್ಕನ ಬೆಲೆಗಿಂತ ಕಡಿಮೆ. ಶಿವಗಂಗಾಳ ಅಂಗಡಿಗೆ ನಾರಾಯಣಖೇಡದವರು ಬರುವುದು ಮೊದಲು ನಿಂತಿತು. ಆಮೇಲೆ ಮನೂರಿನವರು ನಿಂತರು.

ಕೊಹೀರಿನಲ್ಲಿ ತಾಯಿ ಶಕುಂತಲಾಬಾಯಿಗೆ ಇದೆಲ್ಲ ದೊಡ್ಡ ಸಂಭ್ರಮ. ದೀಪಾವಳಿಯ ಊಟಕ್ಕೆ ಇಬ್ಬರೂ ಮಕ್ಕಳು ಹೋಗಿದ್ದಾಗ ತಾಯಿ ಹೋಳಿಗೆ ಬಡಿಸುತ್ತ ಹೇಳಿದಳು: "ನಮ್ಮ ರಜನಿ ಕುಂತಲ್ಲೇ ದಿಲ್ಲಿದಿಂದ ಮಾಲ್ ತರಸ್ತಾಳ ನೋಡವ್ವ. ನೀನೂ ಕಲಕೋ ಗಂಗಾ. ಎಷ್ಟು ದಿನ ಹಂಗ ಬೆರಳಿನಾಗ ತಿಕ್ಕೋತ ಕೂಡ್ತಿ?"

"ನಾ ಕಲಿಸಿದ್ದು ಆಕಿಗಿ" ಎಂದಳು ಶಿವಗಂಗಾ.

"ಕಲಿಸಿದವರು ಹಿಂದ ಉಳಿಬೇಕೇನ ಮತ್ತ?"

ಶಿವಗಂಗಾ ಎರಡನೆಯ ಹೋಳಿಗೆ ಬೇಡವೆಂದಳು. ತಾಯಿ ಅದನ್ನು ರಜನಿಯ ತಟ್ಟೆಗೆ ಹಾಕಿದಳು.

ಹೊಟ್ಟೆಕಿಚ್ಚು ಬುದ್ಧಿವಂತರನ್ನೂ ದಡ್ಡರನ್ನಾಗಿ ಮಾಡುತ್ತದೆ. ಶಿವಗಂಗಾ ಗಿರಾಕಿಗಳನ್ನು "ಖೇಡದಾಗ ಹ್ಯಾಂಗ ಕೊಡ್ತಾಳ?" ಎಂದು ಕೇಳತೊಡಗಿದಳು. ಉತ್ತರ ಬಂದರೆ ಸಿಟ್ಟು, ಬರದಿದ್ದರೆ ಅನುಮಾನ. ತಂಗಿ ಫೋನಿನಲ್ಲಿ ಹಾಕುವ ಗ್ಯಾರೇಜಿನ ಚಿತ್ರಗಳನ್ನು ದೊಡ್ಡದು ಮಾಡಿ, ಹಿಂದಿನ ಕಪಾಟಿನಲ್ಲಿ ಎಷ್ಟು ಡಬ್ಬಿಗಳಿವೆ ಎಂದು ನೋಡುತ್ತಿದ್ದಳು. ಕೊನೆಗೆ ತಾನೂ ಆನ್‌ಲೈನಿನಲ್ಲಿ ತರಿಸಿದಳು. ತಂಗಿಯನ್ನು ಕೇಳುವುದು ಅವಮಾನ. ಆದ್ದರಿಂದ ಯಾರನ್ನೂ ಕೇಳದೆ, ಎಲ್ಲಕ್ಕಿಂತ ಅಗ್ಗವಾದದ್ದನ್ನು ಒತ್ತಿದಳು. ಬಂದ ಹತ್ತೂ ಡೂಪ್ಲಿಕೇಟ್. ಮಧ್ಯಾಹ್ನ ಬಂಡೆಪ್ಪ ಊಟಕ್ಕೆ ಹೋದಾಗ ಷಟರ್ ಅರ್ಧ ಇಳಿಸಿ, ತಾನೇ ಹತ್ತನ್ನೂ ಒಡೆದು, ಚೂರುಗಳನ್ನು ಗುಜರಿ ಚೀಲದ ತಳಕ್ಕೆ ಹಾಕಿದಳು.

ಇಷ್ಟಾದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ರಜನಿ ಬಸ್ಸಿನಿಂದಿಳಿದು ಅಂಗಡಿಗೆ ಬಂದಳು. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅಂಗಡಿಯ ಸ್ಟೂಲಿನ ಮೇಲೆ ತಾಂಡೂರಿನ ರಾಮಚಂದ್ರ ಕೂತಿದ್ದ. ಅವನು ಅಂಚೆ ಕಚೇರಿಯ ಗುಮಾಸ್ತ, ಜಹೀರಾಬಾದಿನಲ್ಲಿ ಹೆಂಡತಿಯ ತವರು. ಬಂದಾಗಲೆಲ್ಲ ಗಾಡಿ ಇಲ್ಲೇ ತೋರಿಸುತ್ತಾನೆ. ನಾನೂ ಇದ್ದೆ, ನನ್ನ ಸ್ಕೂಟರಿನ ಬ್ರೇಕ್ ವೈರು ಬದಲಾಗುತ್ತಿತ್ತು.

"ಅಕ್ಕಾ, ಇವು ಜರಾ ನೋಡು" ಎಂದು ರಜನಿ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟಳು. "ನಲವತ್ತು ಅವ. ಬೀಜದ ಕಂಪನಿಯವರ ಬೈಕುಗಳು ಸರ್ವಿಸಿಗಿ ಬರ್ತಾವ, ಗುರುವಾರದಿಂದ ಹಾಕಬೇಕು."

"ನಿನ್ನ ಫೋನ್ ಏನಂತದ? ಅದಕ್ಕ ಕೇಳು."

"ಫೋನಿಗಿ ತಿಳಿವಲ್ದು. ಇವು ಹಳೇ ಡಬ್ಬಿ ಅವ. ಕಂಪನಿಯವ್ರು ಡಬ್ಬಿ ಬದಲಿ ಮಾಡ್ಯಾರಲ್ಲ, ಅದಕ್ಕ ಹಳೇ ಮಾಲ್ ಸಸ್ತಾ ಕೊಟ್ಟಾನ. ಹಳೇ ಡಬ್ಬಿ ಮ್ಯಾಲ ಕೆರ್ಯೋ ಚೀಟಿನೇ ಇಲ್ಲ. ಮಾರೋನು ಪಟ್ಟಿನ್ಯಾಗೂ ಇಲ್ಲ. ಈ ಸಲ ಆಸೆ ಬಿದ್ದೆ ನಾ."

"ನೀ ನೋಡ್ದ್ಯೇನು?"

"ನೋಡ್ದೆ. ಅಸಲಿ ಅನಸ್ತದ. ಆದ್ರ ಮಂದಿ ನಲವತ್ತು ಗಾಡಿ ಅಕ್ಕಾ. ನೀ ಹೇಳಿದ್ರ ನಂಗ ಧೈರ್ಯ."

ಶಿವಗಂಗಾ ಒಂದು ಪ್ಲಗ್ಗು ತೆಗೆದಳು. ಆ ಹಳೆಯ ಡಬ್ಬಿಯನ್ನು ಆಕೆ ಎಂಟು ವರ್ಷ ಮಾರಿದ್ದಳು. ಅದರ ಮುಚ್ಚಳದ ಅಂಟು ಎಲ್ಲಿ ದಪ್ಪ ಎಲ್ಲಿ ತೆಳು ಎಂಬುದೂ ಗೊತ್ತು. ವಾಶರು ಹಂದಾಡಲಿಲ್ಲ. ಅಕ್ಷರ ಅಳಿಸಲಿಲ್ಲ. ಮೀಟರಿನ ಮುಳ್ಳು ನಿಲ್ಲಬೇಕಾದ ಕಡೆ ನಿಂತಿತು. ಅಸಲಿ ಮಾಲು, ಅಪ್ಪಟ. ಇಷ್ಟು ಕಡಿಮೆ ಬೆಲೆಗೆ ಇಷ್ಟು ಒಳ್ಳೆಯ ಮಾಲು ತಂಗಿಗೆ ಸಿಕ್ಕಿತಲ್ಲ ಎಂದು ಕರುಬಿದ್ದನ್ನು ಆಮೇಲೆ ಆಕೆಯೇ ನನಗೆ ಹೇಳಿದಳು. ಆದರೂ ಅಸಲಿ ಎಂದೇ ಹೇಳುವುದಕ್ಕೆ ಬಾಯಿ ತೆರೆದಿದ್ದಳಂತೆ.

ಆಗ ರಜನಿಗೆ ಗಿರಾಕಿಯೊಬ್ಬನ ಫೋನು ಬಂತು. ಅವಳು ಮೆಟ್ಟಿಲಿಗಿಳಿದು ಮಾತಾಡಿದಳು. ನಮಗೆಲ್ಲ ಕೇಳಿಸಿತು.

"ಹಾಂ ಹೇಳ್ರಿ... ಇಲ್ರಿ, ಸಂಜೀಕ ಬರ್ತೀನಿ ದುಕಾನಿಗಿ... ಜಹೀರಾಬಾದಿಗಿ ಯಾಕ ಹೋಗ್ತೀರಿ ಸುಮ್ನ? ಅಲ್ಲೇನದ? ನಾ ಇದ್ದೀನಲ್ಲ."

ಅವಳು ಮೇಲೆ ಬಂದಾಗ ಶಿವಗಂಗಾ ಪ್ಲಗ್ಗನ್ನು ಡಬ್ಬಿಗೆ ಹಾಕಿ ಮುಚ್ಚುತ್ತಿದ್ದಳು.

"ಡೂಪ್ಲಿಕೇಟ್ ಅವ" ಎಂದಳು.

ರಜನಿ ಪೆಟ್ಟಿಗೆಯ ಕಡೆ ತಿರುಗಿದಳು. "ಎಲ್ಲಾನೂ?"

"ಎಲ್ಲಾ ಒಂದೇ ಲಾಟ್ ಅದ. ವಾಶರ್ ನೋಡು, ಸಡ್ಲ."

"ನಾ ನೋಡಿದಾಗ ಬಿಗಿ ಇತ್ತಲ್ಲ ಅಕ್ಕಾ."

"ನಿನ್ನ ಕೈಗಿ ಬಿಗಿ."

ರಾಮಚಂದ್ರ ನಡುವೆ ಬಾಯಿ ಹಾಕಿದ. "ತಂಗ್ಯೋರ, ವಾಪಸ್ ಕಳಸಿಬಿಡ್ರಿ. ಏಳು ದಿನ ಇರ್ತದಲ್ರಿ ಟೈಮು. ಪಾರ್ಸೆಲ್ ನಮ್ಮ ಕಡೆನೇ ಬರ್ತಾವ, ದಿನಾ ನೋಡ್ತೀನಿ ನಾ."

ಶಿವಗಂಗಾ ಎಣಿಸಿದ್ದೂ ಅದನ್ನೇ. ತಂಗಿ ವಾಪಸ್ ಕಳಿಸುತ್ತಾಳೆ, ಹಣ ಬರುತ್ತದೆ, ಯಾರಿಗೂ ನಷ್ಟವಿಲ್ಲ. ಗುರುವಾರಕ್ಕೆ ಬೇಕಾದ ನಲವತ್ತನ್ನು ಅಕ್ಕನ ಕಪಾಟಿನಿಂದ, ಅಕ್ಕನ ಬೆಲೆಗೆ ಒಯ್ಯುತ್ತಾಳೆ. ಅಷ್ಟೇ ಅವಳಿಗೆ ಬೇಕಿದ್ದದ್ದು. ತಂಗಿ ಒಮ್ಮೆ ಸೋಲಲಿ, ಒಮ್ಮೆ ಕೇಳಿಕೊಂಡು ನಿಲ್ಲಲಿ.

"ಇಲ್ರಿ ಅಣ್ಣಾ" ಎಂದಳು ರಜನಿ. "ವಾಪಸ್ ಹೋದ್ರ ಆ ಮಾರೋನು ಮತ್ತೊಬ್ಬರ ಕೊರಳಿಗಿ ಕಟ್ತಾನ. ಅಕ್ಕನ ದುಕಾನದ ಕಾನೂನು ನಂಗ ಗೊತ್ತದ. ಗೊತ್ತಿದ್ದೇ ತಂದೀನಿ."

ಪೆಟ್ಟಿಗೆ ಎತ್ತಿಕೊಂಡು ಬಾಗಿಲ ಬಳಿಗೆ ಹೋಗಿ, ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು, ಸುತ್ತಿಗೆ ಹಿಡಿದಳು. ಮೊದಲ ಏಟಿಗೆ ಪಿಂಗಾಣಿ ಸಿಡಿಯಿತು. ಎರಡನೆಯದು. ಮೂರನೆಯದು. ಅವಳು ಅಳಲಿಲ್ಲ, ಗೊಣಗಲಿಲ್ಲ. ಒಂದೊಂದನ್ನೇ ಡಬ್ಬಿಯಿಂದ ತೆಗೆದು, ಕಂಬಿಯ ಮೇಲಿಟ್ಟು, ಹೊಡೆದಳು. ಬಂಡೆಪ್ಪ ಶೆಡ್ಡಿನಿಂದ ಬಂದು ನಿಂತ. ಹೆಂಡತಿಯ ಮುಖ ನೋಡಿದ. ಅವನಿಗೆ ತಿಳಿಯಿತೆಂದು ನನಗನಿಸುತ್ತದೆ.

ಏಳನೆಯ ಪ್ಲಗ್ಗು ಒಡೆದಾಗ ಅಸಲಿಯಲ್ಲಿ ಮಾತ್ರ ಇರುವ ಆ ಕಪ್ಪು ಗಾಜಿನ ತುಂಡು ಉರುಳಿ ರಜನಿಯ ಕಾಲ ಬಳಿ ಬಿತ್ತು. ಅವಳ ಕಣ್ಣು ಇನ್ನೂ ಪೆಟ್ಟಿಗೆಯ ಮೇಲಿತ್ತು.

"ರಜನೀ, ಸಾಕು" ಎಂದಳು ಶಿವಗಂಗಾ. "ಒಡೀಬ್ಯಾಡ. ಅಸಲಿ ಅವ."

ಸುತ್ತಿಗೆ ಅರ್ಧದಲ್ಲಿ ನಿಂತಿತು. "ಏನಂದಿ?"

"ಅಸಲಿ ಅವ. ನಾ ಸುಳ್ಳು ಹೇಳ್ದೆ."

"ಯಾಕ?"

"ಜಹೀರಾಬಾದಿನಾಗ ಏನದ ಅಂದಿ ನೀ. ಫೋನಿನಾಗ. ನನ್ನ ಮೆಟ್ಲ ಮ್ಯಾಲ ನಿಂತು."

ರಜನಿ ಎದ್ದು ನಿಂತಳು. "ಹೌದು, ಅಂದೆ. ನಾಳಿಗೂ ಅಂತೀನಿ. ನಂದೂ ದುಕಾನ ಅದ ಅಕ್ಕಾ. ಗಿರಾಕಿಗಿ ಮತ್ತೇನಂತ ಹೇಳ್ಲಿ, ನನ್ನ ದುಕಾನಿಗಿ ಬರಬ್ಯಾಡ್ರಿ ಅಂತ? ಆದ್ರ ಮಾಲ್ ಯಾವ್ದು ಅಸಲಿ ಅಂತ ಕೇಳಾಕ ನಾ ಯಾರ ಹತ್ರ ಬಂದೆ? ಬೆಳಿಗ್ಗೆ ಊಟಾ ಬಿಟ್ಟು, ಎರಡು ಬಸ್ ಬದಲಿ ಮಾಡಿ ಬಂದೆ."

ಶಿವಗಂಗಾ ಒಳಕ್ಕೆ ತಿರುಗಿದಳು. ಕಪಾಟಿನಿಂದ ಏಳು ಪ್ಲಗ್ಗು ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟಳು. ರಜನಿ ಬೇಡವೆನ್ನಲಿಲ್ಲ. ಏಳು ಡಬ್ಬಿಗಳನ್ನೂ ಬಿಚ್ಚಿ, ಪ್ರತಿಯೊಂದರ ವಾಶರಿಗೂ ಹೆಬ್ಬೆರಳಿನ ಉಗುರು ಕೊಟ್ಟು ನೋಡಿ, ಆಮೇಲೆ ಪೆಟ್ಟಿಗೆಗೆ ಹಾಕಿದಳು. ಚಹಾ ಕುಡಿಯಲಿಲ್ಲ. ಹನ್ನೊಂದೂವರೆಯ ಬಸ್ಸಿಗೆ ಹೋದಳು.

ಶಿವಗಂಗಾ ಬಾಯಿ ಬಿಟ್ಟದ್ದು ಪಶ್ಚಾತ್ತಾಪದಿಂದಲೋ, ಆ ಕಪ್ಪು ತುಂಡು ತಂಗಿಯ ಕಣ್ಣಿಗೆ ಬಿದ್ದೀತೆಂಬ ಹೆದರಿಕೆಯಿಂದಲೋ? ನಾನು ಕೇಳಿದ್ದೇನೆ. ಆಕೆ ಮಾತು ಬದಲಿಸುತ್ತಾಳೆ. ಎರಡೂ ಇದ್ದಿರಬಹುದು.

ರಾಮಚಂದ್ರನ ಎದುರಿಗೆ ಆದ ಸಂಗತಿ ಮುಚ್ಚಿಡುವಂಥದ್ದಲ್ಲ. ಅವನು ತಾಂಡೂರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮುಂದಿನ ವಾರ ಪ್ಲಗ್ಗು ತೋರಿಸಲು ಬಂದವನೊಬ್ಬ ಹಲ್ಲು ಕಿಸಿದು ಕೇಳಿದ: "ಅಕ್ಕೋರ, ನನ್ನ ಮ್ಯಾಲೇನ ಸಿಟ್ಟಿಲ್ಲಲ್ರಿ? ಇದ್ರ ಮೊದ್ಲೇ ಹೇಳ್ರಿ, ಆಮ್ಯಾಲ ಬರ್ತೀನಿ." ಇಪ್ಪತ್ತೈದು ವರ್ಷದಲ್ಲಿ ಗಿರಾಕಿಯೊಬ್ಬ ಅವಳ ಮಾತಿನ ಬಗ್ಗೆ ನಕ್ಕದ್ದು ಅದೇ ಮೊದಲು. ಶಿವಗಂಗಾ ಪ್ಲಗ್ಗನ್ನು ಮುಟ್ಟದೆ ವಾಪಸ್ ತಳ್ಳಿದಳು. ಅಂದಿನಿಂದ ಯಾರು ಏನು ತಂದರೂ ನೋಡಿ ಹೇಳುವುದನ್ನು ಬಿಟ್ಟಳು. ತನ್ನ ಮಾಲು ಮಾರುವುದಷ್ಟೇ.

"ಎಷ್ಟು ದಿನ ಹಿಂಗ?" ಎಂದು ಬಂಡೆಪ್ಪ ಕೇಳಿದ.

"ನನ್ನ ಮಾತಿಗಿ ಈಗ ಸಾಕ್ಷಿ ಬೇಕಾಗ್ತದ. ಸಾಕ್ಷಿ ಬೇಕಾಗೋ ಮಾತು ನಾ ಹೇಳೋದಿಲ್ಲ" ಎಂದಳು.

ಝರಾಸಂಗಂನ ಲಿಂಗರಾಜ ಬಂದದ್ದು ಆ ದಿನಗಳಲ್ಲಿ. ಕಬ್ಬಿನ ಹೊಲದ ಕಳೆ ತೆಗೆಯುವ ಯಂತ್ರಕ್ಕೆ ಎಂದು ಅವನು ಆನ್‌ಲೈನಿನಲ್ಲಿ ಆರು ಪ್ಲಗ್ಗು ತರಿಸಿದ್ದ. ಮೊದಲನೆಯದು ಎರಡೇ ದಿನಕ್ಕೆ ಸತ್ತಿತ್ತು.

"ನಾರಾಯಣಖೇಡಕ್ಕ ಒಯ್ರಿ. ನನ್ನ ತಂಗಿ ಇದ್ದಾಳ, ಆಕಿ ನೋಡ್ತಾಳ" ಎಂದಳು ಶಿವಗಂಗಾ.

"ಇಷ್ಟಕ್ಕ ಖೇಡಕ್ಕ ಹೋಗ್ಲ್ಯಾ? ಇಲ್ಲೇ ಕಣ್ಣ ಮುಂದ ಅವ, ಒಂದ ಮಾತ್ ಹೇಳ್ರೀ!"

"ಹೇಳಾಂಗಿಲ್ಲ ಅಂದ್ನಲ್ಲ."

ಆ ಮಾತು ಹೇಳುವುದು ಅವಳಿಗೆ ಸುಲಭವಾಗಿರಲಿಲ್ಲ. ಲಿಂಗರಾಜ ಬೈದುಕೊಳ್ಳುತ್ತ ಹೋದ. ಎರಡು ವಾರದ ಮೇಲೆ ತಾನಾಗಿ ಬಂದ. ಈಗ ಮುಖದಲ್ಲಿ ಹಿಗ್ಗಿತ್ತು. ರಜನಿ ನೋಡಿದ ಕೂಡಲೇ ಡೂಪ್ಲಿಕೇಟ್ ಎಂದಳಂತೆ.

"ಒಡಸಿದ್ಲಾ?" ಎಂದು ಶಿವಗಂಗಾ ಕೇಳಿದಳು.

"ಇಲ್ರಿ, ಒಂದೂ ಒಡೀಲಿಲ್ಲ. ಒಡದ್ರ ನಮ್ಮದೇ ಸಾಕ್ಷಿ ಹೋಗ್ತದ ಅಂದ್ಲು. ಎಲ್ಲಾದ್ರ ಫೋಟೋ ತಗದ್ಲು, ಬಿಲ್ಲಿನದು ತಗದ್ಲು, ಕಂಪನಿಗಿ ಒಂದು ಪತ್ರ ಬರದ್ಲು. ಹನ್ನೊಂದನೇ ದಿನಕ್ಕ ಆ ಮಾರೋನ ದುಕಾನೇ ಬಂದ್ ಆತು ನೋಡ್ರಿ ಆನ್‌ಲೈನ್‌ದಾಗ! ನನ್ನ ರೊಕ್ಕನೂ ಬಂತು. ಅಕ್ಕೋರ, ಬಾಳ ಶಾಣ್ಯಾಕಿ ನಿಮ್ಮ ತಂಗಿ."

ಶಿವಗಂಗಾ ಅವನಿಗೆ ಚಹಾ ತರಿಸಿದಳು. ತಾನು ಕುಡಿಯಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಆಕೆ ಸಾವಿರಾರು ನಕಲಿಗಳನ್ನು ಒಡೆಸಿದ್ದಳು. ಮಾರುವವನೊಬ್ಬನನ್ನೂ ನಿಲ್ಲಿಸಿರಲಿಲ್ಲ. ಅದು ಆಕೆಗೆ ಹೊಳೆದೇ ಇರಲಿಲ್ಲ. ಹೊಳೆದದ್ದು ರಜನಿಗೆ.

ಅದಾದ ಕೆಲವು ದಿನಕ್ಕೆ ಆಕೆ ಬೆಳಿಗ್ಗೆ ಎಂಟಕ್ಕೆ ನನ್ನ ಮನೆಗೆ ಬಂದಳು. ಮನೂರಿನ ಷೇರ್ ಆಟೋದವನೊಬ್ಬ ಆನ್‌ಲೈನಿನಲ್ಲಿ ಕೊಂಡ ನಾಲ್ಕು ಡೂಪ್ಲಿಕೇಟ್ ಪ್ಲಗ್ಗು, ಅದರ ಬಿಲ್ಲು, ಡಬ್ಬಿ ಎಲ್ಲವನ್ನೂ ಈ ಸಲ ವಾಪಸ್ ತಳ್ಳದೆ, ಒಂದು ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು.

"ಮೇಡಂ, ಕಂಪನಿಗಿ ಒಂದು ಪತ್ರ ಬರ್ಕೊಡ್ರಿ. ರಜನಿ ಬರದಂಗ. ಆಕಿದಕ್ಕಿಂತ ಜರಾ ಉದ್ದ ಇರ್ಲಿ."

ಉದ್ದವಾದರೆ ಯಾರೂ ಓದುವುದಿಲ್ಲ ಎಂದೆ. ಏನು ನೋಡಿದೆ, ಹೇಗೆ ನೋಡಿದೆ, ಅಷ್ಟನ್ನು ಹೇಳು ಎಂದೆ. ಆಕೆ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಬರೆದೆ. ವಾಶರು, ಅಕ್ಷರ, ಮೀಟರಿನ ಅಳತೆ, ಒಂದನ್ನು ಸೀಳಿ ತೆಗೆದ ಚಿತ್ರ. ನಲವತ್ತು ವರ್ಷ ವಿದ್ಯಾರ್ಥಿಗಳ ವರದಿ ತಿದ್ದಿದವಳಿಗೆ ತಿದ್ದುವಂಥದ್ದು ಅದರಲ್ಲಿ ಏನೂ ಸಿಗಲಿಲ್ಲ. ಕೆಳಗೆ ಆಕೆಯೇ ಸಹಿ ಹಾಕಿ, ಅಂದೇ ಕಳಿಸಿದಳು. ಮೊದಲ ಬಾರಿಗೆ ಅವಳ ಮಾತಿಗೆ ಸಾಕ್ಷಿ ಜೊತೆಗಿತ್ತು.

ದಿನಾ ಬೆಳಿಗ್ಗೆ ಆಕೆ ಆ ಮಾರಾಟಗಾರನ ಪುಟವನ್ನು ಫೋನಿನಲ್ಲಿ ತೆರೆದು ನೋಡುತ್ತಿದ್ದಳಂತೆ. ಒಂದು ಶನಿವಾರ ನನಗೆ ಫೋನ್ ಮಾಡಿದಳು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ಹೋತ್ರಿ ಮೇಡಂ. ಇವತ್ತಿಗಿ ಒಂಬತ್ತನೇ ದಿನ. ರಜನಿದು ಹನ್ನೊಂದು ಹಿಡದಿತ್ತು."